ಬೀಳ್ಕೊಡುವ ವಿದ್ಯೆ

ಮನೆಯಲ್ಲಿ ಹೆರಿಗೆಯ ದಿನ ಸಮೀಪಿಸಿತೆಂದರೆ ನಮ್ಮ ಹಿರಿಯರು ಸೂಲಗಿತ್ತಿಯನ್ನು ಮುಂಚಿತವಾಗಿಯೇ ಗೊತ್ತು ಮಾಡಿ ಇಡುತ್ತಿದ್ದರು. ಆಕೆ ಬಂದಳೆಂದರೆ ಮನೆಮಂದಿಗೆಲ್ಲ ಧೈರ್ಯ; ಹೋಗುವಾಗ ಆಕೆಗೆ ಸೀರೆ, ಕುಪ್ಪಸ, ಉಡಿಯಕ್ಕಿಗಳ ಮರ್ಯಾದೆ. ಹೆರಿಗೆಯು ಪ್ರಕೃತಿಯೇ ನಡೆಯಿಸುವ ಕಾರ್ಯ, ಅದಕ್ಕೆ ಕಲಿತವಳೇತಕ್ಕೆ ಎಂದು ಯಾವ ಗೃಹಸ್ಥನೂ ಕೇಳಲಿಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಭಾರತ ಸರಕಾರದ ಪದ್ಮಶ್ರೀ ಸಂದಾಗ ನಾಡಿಗೆ ನಾಡೇ ಹರ್ಷಿಸಿತು. ಜೀವವನ್ನು ಬರಮಾಡಿಕೊಳ್ಳುವದು ಒಂದು ವಿದ್ಯೆಯೆಂಬುದನ್ನು ನಾವೆಲ್ಲರೂ ಒಪ್ಪಿದ್ದೇವೆ. ಆದರೆ ಅದೇ ಜೀವವನ್ನು ಬೀಳ್ಕೊಡುವದೂ ಒಂದು ವಿದ್ಯೆಯೇ. ಅದನ್ನೂ ಗುರುಮುಖದಿಂದ ಕಲಿಯಬೇಕು. ಕಲಿತವರಿಗೆ ಅಷ್ಟೇ ಮನ್ನಣೆ ಸಲ್ಲಬೇಕು ಎಂದು ಹೇಳಹೋದರೆ ಮುಖ ತಿರುಗಿಸುವವರೇ ಹೆಚ್ಚು.

ಈ ಮಾತನ್ನು ಇಂದು ಎತ್ತಿಕೊಳ್ಳುವದಕ್ಕೆ ಕಾರಣವುಂಟು. ಘಟಪ್ರಭಾ ನದಿಯ ಒಡ್ಡಿನ ಬಳಿಯಲ್ಲಿರುವ ನಮ್ಮ ಧುಪದಾಳವು ಚಿಕ್ಕ ಊರಾದರೂ ಆರೋಗ್ಯದ ವಿಚಾರ ಇಲ್ಲಿ ಹೊಸದಲ್ಲ. ನೆರೆಯ ಘಟಪ್ರಭೆಯಲ್ಲಿ ಡಾ. ಕೊಕಟನೂರ ಅವರು 1929ರಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿದರು. ಸೇವಾದಲವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರ ಹೆಸರೂ ಆ ಸಂಸ್ಥೆಯೊಂದಿಗೆ ಬೆಸೆದುಕೊಂಡಿದೆ. ಹೀಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳವರಿಗೆ ದವಾಖಾನೆಯೂ ದಾದಿಯರೂ ಬಹುಕಾಲದ ಪರಿಚಯ. ನಮ್ಮ ಕೈಯಲ್ಲಿ ರಾಮಶಬ್ದವನ್ನು ಬಾಯಿಪಾಠ ಮಾಡಿದ ಹೆಣ್ಣುಮಕ್ಕಳಲ್ಲಿಯೂ ಹಲವರು ದಾದಿಯರಾಗಿ ಊರೂರಲ್ಲಿ ದುಡಿಯುತ್ತಿದ್ದಾರೆ. ಅವರಲ್ಲೊಬ್ಬಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನೌಕರಿಗೆ ಸೇರಿದವಳು, ಗುಣವಾಗದ ರೋಗಿಗಳ ಶುಶ್ರೂಷೆಯಲ್ಲಿಯೇ ವಿಶೇಷ ಶಿಕ್ಷಣ ಪಡೆಯುವೆನೆಂದು ಈಚೆಗೆ ಮನೆಯಲ್ಲಿ ಹೇಳಿದಳಂತೆ. ಮರುದಿವಸವೇ ಅವಳ ತಂದೆ ನಮ್ಮ ಕಟ್ಟೆಗೆ ಬಂದು ಕುಳಿತರು.

"ಮಾಸ್ತರ್ರ, ಸಾಯಾವರ ಹತ್ರ ಕುಂಡ್ರಾಕೂ ಒಂದು ಸಾಲಿ ಐತೇನ್ರಿ? ನಮ್ಮವ್ವ ನಮ್ಮ ಮುತ್ಯಾನ್ನ ಕೈಯಾಗ ಹಿಡದು ಕಳಿಸಿಕೊಟ್ಲು. ಆಕಿ ಯಾವ ಸಾಲಿ ಕಲತಿದ್ಲು?"

ಅವರ ಬೆನ್ನ ಹಿಂದೆಯೇ ಬಂದ ತಾಯಿಯ ಚಿಂತೆ ಬೇರೆ. "ಸಾವಿನ ಮನಿ ನರ್ಸಬಾಯಿ ಅಂತ ಹೆಸರಾದ್ರ ನಾಳೆ ಇವಳನ್ನ ಯಾರ ಮನಿಗೆ ಕೊಡೂದ್ರಿ?"

ಇಬ್ಬರ ಪ್ರಶ್ನೆಯೂ ಹುಸಿಯಲ್ಲ. ಇವೆರಡರಲ್ಲಿ ನಮ್ಮ ಗೃಹಸ್ಥ ಸಮಾಜದ ಮನೋಭಾವವೆಲ್ಲ ಅಡಗಿದೆ. ಆದುದರಿಂದ ಅವರಿಗೆ ನಾವು ಹೇಳಿದುದನ್ನೇ ಇನ್ನಷ್ಟು ವಿಸ್ತರಿಸಿ ವಾಚಕರ ಮುಂದಿಡುತ್ತೇವೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷರು ಇದನ್ನು 'ಪ್ಯಾಲಿಯೇಟಿವ್ ಕೇರ್' ಎನ್ನುತ್ತಾರೆ. ಅದರ ಮೂಲ ಲ್ಯಾಟಿನ್ ಭಾಷೆಯ 'ಪ್ಯಾಲಿಯಂ'. ಮೈಮೇಲೆ ಹೊದೆಯುವ ವಸ್ತ್ರವೆಂದು ಅದರ ಅರ್ಥ. ಹೊಲದಲ್ಲಿ ಮಳೆಗೆ ಸಿಕ್ಕವನ ಮೇಲೆ ಕಂಬಳಿ ಹೊದಿಸಿದರೆ ಮಳೆಯೇನೂ ನಿಲ್ಲುವದಿಲ್ಲ. ಆದರೆ ಅವನು ನೆನೆದು ನಡುಗುವದು ತಪ್ಪುತ್ತದೆ. ರೋಗವನ್ನು ನಿಲ್ಲಿಸಲಾಗದಿದ್ದಾಗಲೂ ರೋಗಿಯ ನೋವು, ವಾಂತಿ, ಉಬ್ಬಸ, ಹುಣ್ಣು, ಭಯಗಳನ್ನು ನಿಲ್ಲಿಸುವದಕ್ಕೆ ಮಾಡುವ ಉಪಚಾರವಿದು. ಕೊನೆಯ ನಾಲ್ಕು ದಿನಗಳಿಗಷ್ಟೇ ಇದು ಮೀಸಲೆಂದು ತಿಳಿಯುವವರುಂಟು, ಅದು ತಪ್ಪು. ಅರ್ಬುದ ರೋಗ, ಮೂತ್ರಪಿಂಡದ ವಿಕಾರ, ಹೃದಯ ಶ್ವಾಸಕೋಶಗಳ ದೀರ್ಘರೋಗ, ಪಾರ್ಶ್ವವಾಯು ಮುಂತಾದವುಗಳಲ್ಲಿ ಬೇರೆ ಚಿಕಿತ್ಸೆ ನಡೆದಿರುವಾಗಲೇ ಇದನ್ನೂ ಜೊತೆಯಲ್ಲಿ ನಡೆಯಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ.

ನಾವು ಇದನ್ನು 'ಉಪಶಮನ ಶುಶ್ರೂಷೆ' ಎಂದು ಕರೆಯೋಣ. ಈ ಶುಶ್ರೂಷೆಯೆಂಬ ಪದ ಬಲು ಸೊಗಸಾದದ್ದು. ಕೇಳು ಎಂಬರ್ಥದ 'ಶ್ರು' ಧಾತುವಿಗೆ ಇಚ್ಛಾರ್ಥದ 'ಸನ್' ಪ್ರತ್ಯಯ ಹತ್ತಿ ಈ ಶಬ್ದ ಹುಟ್ಟಿತು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ! ಗುರುವಿನ ಮಾತಿಗೆ ಕಿವಿಗೊಟ್ಟು ನಡೆಯುವ ಶಿಷ್ಯನ ಗುಣಕ್ಕೂ, ರೋಗಿಯ ಆರೈಕೆಗೂ ನಮ್ಮ ಭಾಷೆಗಳಲ್ಲಿ ಒಂದೇ ಹೆಸರು. ಮದ್ದು ಕೊಡುವದು, ಹಾಸಿಗೆ ಬದಲಿಸುವದು ಆಮೇಲಿನ ಕೆಲಸ. ರೋಗಿಯು ಏನು ಹೇಳುತ್ತಿದ್ದಾನೆಂಬುದನ್ನು ಕೇಳಬೇಕೆಂಬ ಇಚ್ಛೆಯು ಮೊದಲು.

ಇದು ಬರಿಯ ವ್ಯಾಕರಣವಲ್ಲವೆಂಬುದನ್ನು ನಮ್ಮ ಮನೆಯಲ್ಲಿಯೇ ನಾವು ಕಂಡೆವು. ಕೆಲವು ವರ್ಷಗಳ ಕೆಳಗೆ ನಮ್ಮ ಹಿರಿಯಣ್ಣನವರಿಗೆ ಬಾಯಿಯಲ್ಲಿ ಅರ್ಬುದವಾಗಿತ್ತು. ತಂಬಾಕಿನ ಚಟ ಅವರನ್ನು ಬಹುಕಾಲ ಬಿಟ್ಟಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಕಿರಣಗಳ ಚಿಕಿತ್ಸೆಯಾಯಿತು. ರೋಗ ಮರಳಿ ಬಂದಿತು. ದೊಡ್ಡದೊಂದು ಆಸ್ಪತ್ರೆಯವರು, "ಇನ್ನು ಮಾಡುವದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ" ಎಂದು ಚೀಟಿ ಬರೆದುಕೊಟ್ಟರು. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂಬುದನ್ನು ಹೇಳಿದವರು ಅಲ್ಲಿ ಒಬ್ಬರೂ ಇಲ್ಲ. ಕೆನ್ನೆಯ ಹುಣ್ಣು ಒಡೆದು ಹೊರಗೆ ಬಂದಿತ್ತು. ರಾತ್ರಿಯೆಲ್ಲ ನರಳುವರು; ಮಾತು ನಿಂತಿದ್ದುದರಿಂದ ಬೇಕಾದುದನ್ನು ಪಾಟಿಯ ಮೇಲೆ ಬರೆದು ತೋರಿಸುವರು. ಬರಬರುತ್ತ ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟರು, ಪಾಟಿಯನ್ನೂ ಮುಟ್ಟಲಿಲ್ಲ.

ಆ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಊರಿಗೆ ಬಂದಿದ್ದಳು. ಉಪಶಮನ ಶುಶ್ರೂಷೆಯನ್ನು ಪರಸ್ಥಳದಲ್ಲಿ ಕಲಿತು ಅದರಲ್ಲಿಯೇ ದುಡಿಯುತ್ತಿದ್ದವಳು. ಸುದ್ದಿ ಕೇಳಿ ಮನೆಗೆ ಬಂದಳು. ನಮ್ಮನ್ನು ಏನೊಂದನ್ನೂ ಕೇಳಲಿಲ್ಲ. ಅಣ್ಣನವರು ಮುಖ ಮಾಡಿದ್ದ ಗೋಡೆಯ ಬದಿಗೇ ಹೋಗಿ, ನೆಲದ ಮೇಲೆ ಕುಳಿತು, "ಅಜ್ಜಾರ, ನಿಮಗ ಎಲ್ಲಾಕ್ಕಿಂತ ಹೆಚ್ಚು ತ್ರಾಸ ಆಗಾದು ಯಾವುದರಿಂದ್ರಿ?" ಎಂದು ಕೇಳಿ ಸುಮ್ಮನಾದಳು. ಬಹಳ ಹೊತ್ತು ಕಳೆಯಿತು. ಅವಳು ಏಳಲಿಲ್ಲ. ನೋವೆಂದು ಬರೆಯುವರೆಂದೇ ನಾವೆಲ್ಲರೂ ತಿಳಿದಿದ್ದೆವು. ಅಣ್ಣನವರು ಪಾಟಿಯನ್ನು ಎಳೆದುಕೊಂಡು ಬರೆದದ್ದು ಎರಡೇ ಮಾತು: "ವಾಸನೆ. ಮೊಮ್ಮಗ ಬರುವದಿಲ್ಲ."

ಹುಣ್ಣಿನ ದುರ್ಗಂಧಕ್ಕೆ ಹೆದರಿ ಮಗು ಆ ಕೋಣೆಗೆ ಕಾಲಿಡುವದನ್ನು ಬಿಟ್ಟಿತ್ತು. ಮನೆಯ ಹಿರಿಯರಾದ ನಮ್ಮೆಲ್ಲರ ಕಣ್ಣಿಗೆ ಇದು ಚಿಕ್ಕ ಸಂಗತಿಯಾಗಿ ಕಂಡಿತ್ತು; ಸಾಯುತ್ತಿದ್ದವರಿಗೆ ಅದೇ ದೊಡ್ಡದಾಗಿತ್ತು. ಅವಳು ಊರ ವೈದ್ಯರನ್ನು ಕಂಡು ಅವರ ಅಪ್ಪಣೆಯಿಂದ ಮೆಟ್ರೋನಿಡಾಜೋಲ್ ಗುಳಿಗೆಗಳನ್ನು ನುಣ್ಣಗೆ ಪುಡಿ ಮಾಡಿ, ತೊಳೆದ ಹುಣ್ಣಿನ ಮೇಲೆ ಉದುರಿಸಿ, ಪಟ್ಟಿ ಕಟ್ಟುವ ಬಗೆಯನ್ನು ಸೊಸೆಗೆ ಕಲಿಸಿದಳು. ಆ ಗುಳಿಗೆ ದುಬಾರಿಯದಲ್ಲ, ದುರ್ಲಭವೂ ಅಲ್ಲ. ನಾಲ್ಕಾರು ದಿನಗಳಲ್ಲಿ ವಾಸನೆ ಇಳಿಯಿತು. ನೋವಿಗಾಗಿ ವೈದ್ಯರ ಮೂಲಕ ಮಾರ್ಫಿನ್ ತರಿಸಲಾಯಿತು. ನೋವು ಬಂದ ಮೇಲೆ ಕೊಡುವದಲ್ಲ, ಗಡಿಯಾರ ನೋಡಿ ನಾಲ್ಕು ನಾಲ್ಕು ತಾಸಿಗೆ ಕೊಡಬೇಕು. ಅದರಿಂದ ಮಲಬದ್ಧತೆ ತಪ್ಪಿದ್ದಲ್ಲವಾದ್ದರಿಂದ ಮೊದಲ ದಿನದಿಂದಲೇ ಸಾರಕ ಔಷಧವನ್ನೂ ಕೊಡಬೇಕು ಎಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದಳು. ಎರಡೆರಡು ತಾಸಿಗೆ ಮಗ್ಗುಲು ಬದಲಿಸುವದು, ಒದ್ದೆ ಬಟ್ಟೆಯಿಂದ ತುಟಿ ಒರೆಸುವದು, ಉಬ್ಬಸ ಹತ್ತಿದಾಗ ಮುಖಕ್ಕೆ ಬೀಸಣಿಗೆಯಿಂದ ಗಾಳಿ ಹಾಕುವದು, ಇವೆಲ್ಲವನ್ನೂ ಮನೆಯವರೇ ಕಲಿತೆವು. ಅಣ್ಣನವರು ಆ ಬಳಿಕ ಏಳು ವಾರ ಬದುಕಿದರು. ಆ ಏಳು ವಾರ ಮೊಮ್ಮಗನು ಅವರ ಮಂಚದ ಮೇಲೆಯೇ ಕುಳಿತು ಅದೇ ಪಾಟಿಯ ಮೇಲೆ ಮಗ್ಗಿ ಬರೆದನು. ತಪ್ಪಿದಲ್ಲಿ ಅವರು ಬೆರಳಿನಿಂದ ಅಳಿಸುತ್ತಿದ್ದರು. "ಮಾಡುವದೇನೂ ಉಳಿದಿಲ್ಲ" ಎಂಬ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಇನ್ನು ತಂದೆಯ ಪ್ರಶ್ನೆ: ನಮ್ಮ ಅವ್ವಂದಿರು ಯಾವ ಸಾಲೆಯಲ್ಲಿ ಕಲಿತಿದ್ದರು? ಅವರೂ ಕಲಿತಿದ್ದರು. ತುಂಬಿದ ಮನೆಯಲ್ಲಿ ಹುಟ್ಟು ಸಾವುಗಳೆರಡೂ ಅವರ ಕಣ್ಣೆದುರಿಗೆ ನಡೆಯುತ್ತಿದ್ದವು. ಅತ್ತೆಯ ಕೈಕೆಳಗೆ ಸೊಸೆ ಕಲಿಯುತ್ತಿದ್ದಳು. ಆದರೆ ಅಂದಿನ ಸಾವಿನ ರೀತಿಯೇ ಬೇರೆ. ಪ್ಲೇಗು, ಕಾಲರಾ, 1918ರ ಇನ್‌ಫ್ಲುಯೆಂಜಾ ಬಂದಾಗ ಮನುಷ್ಯನು ದಿನಗಳಲ್ಲಿ ಹೋಗುತ್ತಿದ್ದನು. ಇಂದಿನ ರೋಗಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಯಲ್ಲಿ ಕುಳಿತು ಬಿಡುತ್ತವೆ. ಮೂಗಿಗೆ ನಳಿಗೆ, ಮೂತ್ರಕ್ಕೆ ನಳಿಗೆ, ಹತ್ತು ಬಗೆಯ ಗುಳಿಗೆಗಳು. ಮನೆಯಲ್ಲಿಯಾದರೋ ಇಬ್ಬರೇ ಜನ, ಅವರಿಬ್ಬರೂ ನೌಕರಿಗೆ ಹೋಗುವವರು. ಅವ್ವನ ಪ್ರೀತಿಯು ಈಗಲೂ ಬೇಕು, ಪ್ರೀತಿಯೊಂದೇ ಸಾಲದು.

ಇದು ಹೊಸ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ನಾಲ್ಕು ಗುಣಗಳು: ಉಪಚಾರದ ಜ್ಞಾನ, ದಕ್ಷತೆ, ರೋಗಿಯ ಮೇಲೆ ಅನುರಾಗ, ಶುಚಿತ್ವ. ಅನುರಾಗಕ್ಕೆ ಮೂರನೆಯ ಸ್ಥಾನ, ಜ್ಞಾನಕ್ಕೆ ಮೊದಲನೆಯದು. ಪ್ರೀತಿಯಿದ್ದೂ ತಿಳಿವಳಿಕೆಯಿಲ್ಲದಿದ್ದರೆ ಆಗುವದೇನೆಂಬುದು ಪ್ರತಿಯೊಂದು ಮನೆಯಲ್ಲಿ ಕಾಣುತ್ತದೆ. ಕೊನೆಯ ದಿನಗಳಲ್ಲಿ ಅನ್ನ ಒಲ್ಲೆನೆಂದವರ ಬಾಯಿಗೆ ನಾವು ಒತ್ತಾಯದಿಂದ ಗಂಜಿ ಹಾಕುತ್ತೇವೆ. ಅದು ಶ್ವಾಸನಾಳಕ್ಕಿಳಿದು ಸಂಕಟ ಇಮ್ಮಡಿಯಾಗುತ್ತದೆ. ಉಣ್ಣದೆ ಇರುವದರಿಂದ ಅವರು ಸಾಯುತ್ತಿಲ್ಲ, ಸಾವು ಸಮೀಪಿಸಿದ್ದರಿಂದ ಉಣ್ಣುತ್ತಿಲ್ಲ. ಕಲಿತ ದಾದಿಯು ಈ ಒಂದು ಮಾತನ್ನು ಮೆಲ್ಲಗೆ ತಿಳಿಸಿ ಹೇಳಿದರೆ ಸೊಸೆಯರ ಎದೆಯ ಮೇಲಿನ ಎಷ್ಟೋ ಭಾರ ಇಳಿಯುತ್ತದೆ.

ನಮ್ಮ ಶಾಸ್ತ್ರಿಮಿತ್ರರೊಬ್ಬರು ಇಲ್ಲಿ ಆಕ್ಷೇಪವೆತ್ತಿದರು. ಅಸಾಧ್ಯರೋಗವನ್ನು ಕೈಗೆತ್ತಿಕೊಂಡ ವೈದ್ಯನು ಧನವನ್ನೂ ಕೀರ್ತಿಯನ್ನೂ ಕಳೆದುಕೊಳ್ಳುವನೆಂದು ಅದೇ ಚರಕರು ಹೇಳಿಲ್ಲವೇ? ಮರಣೋನ್ಮುಖರ ವಿಷಯದಲ್ಲಿ ಉಪೇಕ್ಷೆಯನ್ನು ವಿಧಿಸಿಲ್ಲವೇ? ಹೌದು, ಹೇಳಿದ್ದಾರೆ. ಆದರೆ ಅಸಾಧ್ಯವನ್ನು ಅವರು ಎರಡಾಗಿ ಒಡೆದು, ಒಂದಕ್ಕೆ 'ಯಾಪ್ಯ'ವೆಂದು ಹೆಸರಿಟ್ಟರು: ಗುಣವಾಗದಿದ್ದರೂ ಉಪಚಾರದಿಂದ ಕಾಲ ಕಳೆಯಿಸಬಲ್ಲದ್ದು. ಉಪೇಕ್ಷೆಯೆಂದರೂ ಅಸಡ್ಡೆಯೆಂದು ನಾವು ತಿಳಿಯುವದಿಲ್ಲ. ಸಾವನ್ನು ತಡೆಯುವೆನೆಂಬ ಹಟವನ್ನು ಬಿಟ್ಟ ಸಮಚಿತ್ತತೆಯೆಂದು ತಿಳಿಯುತ್ತೇವೆ. ಹಟ ಬಿಡುವದು ಬೇರೆ, ಮನುಷ್ಯನನ್ನು ಬಿಡುವದು ಬೇರೆ.

ಈ ಭೇದವನ್ನು ಆಧುನಿಕ ಜಗತ್ತಿಗೆ ತೋರಿಸಿಕೊಟ್ಟವರು ಲಂಡನ್ನಿನ ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ ಕಲಿತು, ಆಮೇಲೆ ವೈದ್ಯೆಯಾಗಿ, 1967ರಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಧಾಮವನ್ನು ತೆರೆದರು. ಸಾಯುವವನ ನೋವು ಶರೀರದ್ದಷ್ಟೇ ಅಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲವೂ ಕೂಡಿದ್ದು ಎಂಬ ಅವರ ವಿಚಾರವು ರೋಗಿಗಳ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದಲೇ ಹುಟ್ಟಿತು. ನಮ್ಮ ನೆರೆಯ ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನ ವೈದ್ಯರು ಈ ಕಾರ್ಯವನ್ನು ಆರಂಭಿಸಿದರು. 2008ರಲ್ಲಿ ಆ ರಾಜ್ಯ ಸರಕಾರವೇ ಇದಕ್ಕಾಗಿ ನೀತಿಯನ್ನು ಗೊತ್ತುಪಡಿಸಿತು. ಅಲ್ಲಿ ಪಂಚಾಯತಿಯ ದಾದಿಯರು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುತ್ತಾರೆ. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಟ್ರಸ್ಟೊಂದು 'ಕರುಣಾಶ್ರಯ'ವನ್ನು ಕಟ್ಟಿ, ಗುಣವಾಗದ ಅರ್ಬುದ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಕರ್ನಾಟಕ ಸರಕಾರವೂ 2016ರಲ್ಲಿ ತನ್ನ ನೀತಿಯನ್ನು ಪ್ರಕಟಿಸಿತು. 1985ರ ಮಾದಕವಸ್ತುಗಳ ಕಾನೂನಿನ ಭಯದಿಂದ ಔಷಧದಂಗಡಿಗಳಿಂದ ಮಾಯವಾಗಿದ್ದ ಮಾರ್ಫಿನ್ನಿಗೆ 2014ರ ತಿದ್ದುಪಡಿಯು ದಾರಿಯನ್ನು ಸುಗಮ ಮಾಡಿತು. ದಾದಿಯರ ಬಿ.ಎಸ್ಸಿ. ಪಠ್ಯಕ್ರಮದ 2021ರ ಪರಿಷ್ಕರಣದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಈ ವಿಷಯಕ್ಕೂ ಸ್ಥಾನ ಕೊಟ್ಟಿತು.

ಕಾನೂನಾಯಿತು, ನೀತಿಯಾಯಿತು, ಪಠ್ಯವೂ ಆಯಿತು. ಹಿಂದುಳಿದಿರುವದು ಮನಸ್ಸು. ದಾದಿಯರ ಮನಸ್ಸೂ ಇದಕ್ಕೆ ಹೊರತಲ್ಲ. ಜೀವ ಉಳಿಸುವದೇ ತಮ್ಮ ಧರ್ಮವೆಂದು ಕಲಿತ ಹುಡುಗಿಗೆ ಸಾಯುವವನ ಹಾಸಿಗೆಯು ಸೋಲಿನ ಗುರುತಾಗಿ ಕಾಣುವದು ಸಹಜ. ಏನು ಮಾತಾಡಬೇಕೋ ತಿಳಿಯದೆ, ಆ ಹಾಸಿಗೆಯ ಬಳಿಯಲ್ಲಿ ಅವಳ ಹೆಜ್ಜೆಗಳು ಬೇಗ ಬೇಗ ಬೀಳುತ್ತವೆ. ಮಾರ್ಫಿನ್ ಎಂದರೆ ಅಫೀಮಿನ ಚಟ ಹತ್ತೀತೆಂಬ ಅಂಜಿಕೆಯೊಂದು. ನೋವಿಗಾಗಿ ಕ್ರಮವರಿತು ಕೊಟ್ಟಾಗ ಚಟ ಹತ್ತುವದು ವಿರಳವೆಂಬುದನ್ನು ಯಾರಾದರೂ ಕಲಿಸಬೇಕಲ್ಲವೇ? ಅಮೇರಿಕೆಯ ಕ್ಯಾಥರಿನ್ ಫ್ರೊಮೆಲ್ಟ್ ಎಂಬವರು ದಾದಿಯರ ಈ ಮನೋಭಾವವನ್ನು ಅಳೆಯುವದಕ್ಕಾಗಿ 30 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ರಚಿಸಿ, 1991ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಶಿಕ್ಷಣವನ್ನು ಪಡೆದ ಮೇಲೆ ದಾದಿಯರ ಮನೋಭಾವವು ಅನುಕೂಲವಾಗಿ ಬದಲಾಯಿತೆಂದು ಅವರು ಕಂಡರು. ಅನೇಕ ದೇಶಗಳಲ್ಲಿ ಆ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಸಾಲೆಯ ಮಾಸ್ತರರಾದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಲೆಕ್ಕಕ್ಕೆ ಹೆದರುವ ಹುಡುಗನಿಗೆ ಧೈರ್ಯ ಹೇಳುವದರಿಂದ ಹೆದರಿಕೆ ಹೋಗುವದಿಲ್ಲ; ಲೆಕ್ಕ ಬಿಡಿಸುವ ಕ್ರಮವನ್ನು ಕಲಿಸಿದರೆ ಹೋಗುತ್ತದೆ.

ಗೃಹಸ್ಥರಾದ ನಮ್ಮ ಮನಸ್ಸಾದರೂ ಎಂತಹದು? ದಾದಿಯು ಬಂದು ಸಲಾಯಿನ್ ಹಚ್ಚಿದರೆ ಉಪಚಾರವಾಯಿತೆನ್ನುತ್ತೇವೆ. ಕುಳಿತು ಮಾತು ಕೇಳಿದರೆ ಹೊತ್ತುಗಳೆದಳೆನ್ನುತ್ತೇವೆ. ರೋಗಿಗೆ ರೋಗದ ಹೆಸರು ಹೇಳಕೂಡದೆಂದು ಅವಳಿಂದ ಆಣೆ ಮಾಡಿಸಿಕೊಳ್ಳುತ್ತೇವೆ. ರೋಗಿಗೆ ಎಲ್ಲವೂ ತಿಳಿದಿರುತ್ತದೆ. ನಮಗೆ ನೋವಾದೀತೆಂದು ಅವನು ಸುಮ್ಮನಿರುತ್ತಾನೆ, ಅವನಿಗೆ ನೋವಾದೀತೆಂದು ನಾವು ಸುಮ್ಮನಿರುತ್ತೇವೆ. ಕೊಡುವ ತೆಗೆದುಕೊಳ್ಳುವ ಮಾತು, ಮಗಳ ಮದುವೆಯ ಮಾತು, ಕ್ಷಮಿಸೆಂಬ ಮಾತು ಎಲ್ಲವೂ ಆಡದೆ ಉಳಿಯುತ್ತವೆ. ಕಲಿತ ದಾದಿಯು ಸತ್ಯವನ್ನು ಕಲ್ಲಿನಂತೆ ಎಸೆಯುವವಳಲ್ಲ. ರೋಗಿಗೆ ಈಗಾಗಲೇ ಏನು ತಿಳಿದಿದೆ, ಇನ್ನೆಷ್ಟು ತಿಳಿಯಬೇಕೆಂಬ ಇಚ್ಛೆಯಿದೆ ಎಂಬುದನ್ನು ಮೊದಲು ಕೇಳುವದನ್ನೇ ಅವಳಿಗೆ ಕಲಿಸಿರುತ್ತಾರೆ.

ತಾಯಿಯ ಚಿಂತೆಗೆ ನಾವು ಹೇಳಿದ್ದಿಷ್ಟು. "ತಂಗಿ, ಹಿಂದಕ್ಕ ನರ್ಸ್ ಆಗ್ತೀನಿ ಅಂದ ಹುಡಿಗೇರಿಗೂ ಇದ ಮಾತು ಬಂದಿತ್ತು. ಮಂದಿ ಮೈ ಮುಟ್ಟಾಕಿ, ಮಂದಿ ಮೈಲಿಗಿ ತೊಳ್ಯಾಕಿ ಅಂದ್ರು. ಈಗ ಅದ ನರ್ಸ್ ಸೊಸಿ ಬೇಕಂತ ಹುಡುಕ್ಕೋತ ಬರ್ತಾರ." ಆಕೆ ನಕ್ಕರು, ಪೂರ್ತಿಯಾಗಿ ಒಪ್ಪಲಿಲ್ಲ. ತಂದೆಯಾದರೋ ಅಣ್ಣನವರ ಸಂಗತಿಯನ್ನು ಬಲ್ಲವರು. ಆ ಏಳು ವಾರಗಳಲ್ಲಿ ಅವರೇ ಎಷ್ಟೋ ಸಲ ಬಂದು ಮಂಚದ ಬಳಿ ಕುಳಿತಿದ್ದವರು. ಮಗಳಿಗೆ ಅಪ್ಪಣೆ ಕೊಟ್ಟಿದ್ದಾರೆ. ಅವಳು ಹೊರಡುವ ಮುನ್ನ ನಮಸ್ಕಾರಕ್ಕೆ ಬಂದಾಗ ನಾವು ಒಂದು ಎಚ್ಚರಿಕೆಯನ್ನೂ ಹೇಳಿದೆವು: ದಿನವೂ ಸಾವನ್ನು ಕಾಣುವವರ ಮನಸ್ಸಿಗೂ ದಣಿವುಂಟು, ಅದನ್ನು ಒಳಗೇ ನುಂಗಬಾರದು, ಜೊತೆಯವರೊಂದಿಗೆ ಹೇಳಿಕೊಳ್ಳಬೇಕು. ಶುಶ್ರೂಷೆ ಮಾಡುವವಳ ಮಾತನ್ನು ಕೇಳುವವರೂ ಬೇಕು.

ವಾಚಕರಲ್ಲಿ ನಮ್ಮ ವಿಜ್ಞಾಪನೆಯಿದು. ನಿಮ್ಮ ಮನೆಯ ಹಿರಿಯರನ್ನು ಆಸ್ಪತ್ರೆಯವರು ಮನೆಗೆ ಕಳುಹಿಸುವ ಪ್ರಸಂಗ ಬಂದರೆ, "ಇನ್ನು ಇವರ ನೋವಿಗೇನು ಮಾಡಬೇಕು? ಅದನ್ನು ಕಲಿತವರು ನಿಮ್ಮಲ್ಲಿ ಯಾರಿದ್ದಾರೆ?" ಎಂದು ಕೇಳದೆ ಅಲ್ಲಿಂದ ಏಳಬೇಡಿರಿ. ಹತ್ತು ಗೃಹಸ್ಥರು ಕೇಳತೊಡಗಿದರೆ ಆಸ್ಪತ್ರೆಗಳು ಅಂತಹ ದಾದಿಯರನ್ನು ಇಟ್ಟುಕೊಳ್ಳುವವು. ಇಟ್ಟುಕೊಂಡರೆ ಕಲಿಸುವ ಸಂಸ್ಥೆಗಳು ಮುಂದೆ ಬರುವವು. ನಿಮ್ಮ ಮಗಳೋ ಸೊಸೆಯೋ ಈ ವಿದ್ಯೆಗೆ ಮನಸ್ಸು ಮಾಡಿದರೆ ಅಪಶಕುನವೆಂದು ಅಡ್ಡ ಬರಬೇಡಿರಿ. ಆ ವಿದ್ಯೆಯವಳು ಹೊಸ್ತಿಲೊಳಗೆ ಬಂದ ದಿನ, ಸೂಲಗಿತ್ತಿಗೆ ನಮ್ಮ ಹಿರಿಯರು ಹಾಕುತ್ತಿದ್ದ ಮಣೆಯನ್ನೇ ಅವಳಿಗೂ ಹಾಕಿರಿ.